ಶರೀರದ ಭಾರ, ಆಯ್ಕೆಯ ಭಾರ



ಒಂದು ತಲೆಮಾರಿನ ಹಿಂದೆ ನಮ್ಮ ಮನೆಗಳಲ್ಲಿ ಕೇಳಿಬರದಿದ್ದ ಪ್ರಶ್ನೆಯೊಂದನ್ನು ಇಂದು ಅನೇಕ ಕುಟುಂಬಗಳು ತಗ್ಗಿದ ದನಿಯಲ್ಲಿ ಕೇಳಿಕೊಳ್ಳುತ್ತಿವೆ. "ತೂಕ ಇಳಿಸಲು ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಅದರಲ್ಲಿ ಎರಡು ಮೂರು ಬಗೆಗಳಿವೆಯಂತೆ. ಯಾವುದು ಸರಿ?" ದನಿ ತಗ್ಗಿರುವುದಕ್ಕೆ ಕಾರಣವಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ಹೊರಟವರಿಗಾಗಿ ನಾವು ಬಲಿಪೂಜೆಯಲ್ಲಿ ಬಹಿರಂಗವಾಗಿ ಪ್ರಾರ್ಥಿಸುತ್ತೇವೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೊರಟವರಾದರೋ ಊರಿಗೆ ಹೋಗುತ್ತೇವೆಂದು ಹೇಳಿ ಆಸ್ಪತ್ರೆಗೆ ಹೋಗುತ್ತಾರೆ.

ಇದು ಕೆಲವರ ಸಮಸ್ಯೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕ ಅಥವಾ ಬೊಜ್ಜು ಉಳ್ಳವರು. ಅವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬಹುಮಂದಿಗೆ ಬೇಡವೇ ಬೇಡ. ಆದರೆ ಬೇಕಾದವರ ಮುಂದೆ ನಿಲ್ಲುವ ಆಯ್ಕೆ ಸುಲಭವಾದುದಲ್ಲ. "ಯಾವುದು ಸರಿ?" ಎಂಬ ಪ್ರಶ್ನೆ ಮೇಲ್ನೋಟಕ್ಕೆ ವೈದ್ಯರು ಉತ್ತರಿಸಬೇಕಾದ ಪ್ರಶ್ನೆಯಂತೆ ತೋರುತ್ತದೆ. ಅರ್ಧ ಉತ್ತರ ಅವರ ಬಳಿ ಇರುವುದೂ ನಿಜವೇ. ಉಳಿದರ್ಧವು ಆ ವ್ಯಕ್ತಿಯ ಬದುಕಿನಲ್ಲಿ, ಅವರ ಮನೆಯಲ್ಲಿ, ಅವರ ಮನಸ್ಸಾಕ್ಷಿಯಲ್ಲಿ ಇದೆ. ಆ ಉಳಿದರ್ಧವನ್ನು ಕುರಿತು ನಾವು ಈ ಪುಟಗಳಲ್ಲಿ ಸ್ವಲ್ಪ ಆಲೋಚಿಸೋಣ.

ದೋಷವೋ, ರೋಗವೋ?

ಮೊದಲು ದಾರಿಗೆ ಅಡ್ಡವಾಗಿರುವ ಒಂದು ಕಲ್ಲನ್ನು ಸರಿಸಬೇಕು. ದಪ್ಪಗಿರುವವರು ತಿನ್ನುವುದನ್ನು ಬಿಡಲಾರದವರು, ಅವರಿಗೆ ಬೇಕಾದುದು ಶಸ್ತ್ರಚಿಕಿತ್ಸೆಯಲ್ಲ, ಸಂಯಮ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಹೊಟ್ಟೆಬಾಕತನವನ್ನು ಪ್ರಧಾನ ಪಾಪಗಳ ಸಾಲಿನಲ್ಲಿ ಕಲಿತು ಬೆಳೆದ ನಮಗೆ ಈ ಮಾತು ಬೇಗ ಒಪ್ಪಿಗೆಯಾಗುತ್ತದೆ.

ಆದರೆ ನಮ್ಮ ಪರಂಪರೆ ನಿಜವಾಗಿ ಹೇಳಿದ್ದೇನು? ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಪದವಿಗೇರಿದ ಮಹಾ ಗ್ರೆಗೊರಿಯವರು ಹೊಟ್ಟೆಬಾಕತನದ ಐದು ಬಗೆಗಳನ್ನು ಗುರುತಿಸಿದರು. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದುದನ್ನೇ ಬಯಸುವುದು, ರುಚಿಗಾಗಿ ಅತಿಯಾಗಿ ತೊಡಕು ಮಾಡಿಕೊಳ್ಳುವುದು, ಮಿತಿಮೀರಿ ತಿನ್ನುವುದು, ಆಸೆಬುರುಕತನದಿಂದ ತಿನ್ನುವುದು. ಈ ಐದರಲ್ಲಿ ಪ್ರಮಾಣದ ಮಾತು ಬರುವುದು ಒಂದರಲ್ಲಿ ಮಾತ್ರ. ಅಡುಗೆಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳುವ ತೆಳ್ಳಗಿನ ಮನುಷ್ಯನೂ ಈ ಪಟ್ಟಿಯೊಳಗೆ ಬರುತ್ತಾನೆ. ತೂಕದ ಯಂತ್ರ ಪಾಪವನ್ನು ಅಳೆಯುವ ಯಂತ್ರವಲ್ಲ. ವಿವೇಕ ಮತ್ತು ಮಿತಿಯೆಂಬ ಸದ್ಗುಣಗಳನ್ನು ಕುರಿತು ಆಳವಾಗಿ ಬರೆದ ಸಂತ ಥಾಮಸ್ ಅಕ್ವಿನಾಸರು ಸ್ವತಃ ಭಾರಿ ಗಾತ್ರದ ವ್ಯಕ್ತಿಯಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು.

ಇಂದಿನ ವೈದ್ಯಶಾಸ್ತ್ರವು ಬೊಜ್ಜನ್ನು ದೀರ್ಘಕಾಲದ ರೋಗವೆಂದು ಪರಿಗಣಿಸುತ್ತದೆ. ಪಥ್ಯ ಮಾಡಿ ತೂಕ ಇಳಿಸಿಕೊಂಡವರ ದೇಹದಲ್ಲಿ ಹಸಿವನ್ನು ಹೆಚ್ಚಿಸುವ ಹಾರ್ಮೋನು ಏರುತ್ತದೆ, ತೃಪ್ತಿಯನ್ನು ತಿಳಿಸುವ ಹಾರ್ಮೋನುಗಳು ಇಳಿಯುತ್ತವೆ. ಒಂದು ವರ್ಷ ಕಳೆದರೂ ಈ ಬದಲಾವಣೆ ಮುಂದುವರಿದಿರುತ್ತದೆ ಎಂಬುದನ್ನು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಂಶೋಧನೆಯೊಂದು ತೋರಿಸಿತು. ಅಂದರೆ ದೇಹವು ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ಹೋರಾಡುತ್ತದೆ. ಹತ್ತು ಬಾರಿ ಇಳಿಸಿ ಹತ್ತು ಬಾರಿ ಏರಿಸಿಕೊಂಡವರನ್ನು ಸೋಮಾರಿಗಳೆಂದು ಕರೆಯುವ ಮುನ್ನ ಅವರು ಹತ್ತು ಬಾರಿ ಪ್ರಯತ್ನಿಸಿದರೆಂಬುದನ್ನು ನಾವು ಗಮನಿಸಬೇಕು. ತಪಸ್ಸುಕಾಲದ ಉಪವಾಸ ಆತ್ಮಕ್ಕೆ ಒಳ್ಳೆಯ ಶಿಕ್ಷಣ. ಆದರೆ ಅದನ್ನು ಈ ರೋಗಕ್ಕೆ ಮದ್ದೆಂದು ಬೋಧಿಸುವುದು ಎರಡಕ್ಕೂ ಮಾಡುವ ಅನ್ಯಾಯ.

ಆರೋಗ್ಯವಂತ ಅಂಗಕ್ಕೆ ಕತ್ತರಿ ಹಾಕಬಹುದೇ?

ಎರಡನೆಯ ಆಕ್ಷೇಪ ಇನ್ನಷ್ಟು ಗಂಭೀರವಾದುದು. ಅಪೆಂಡಿಕ್ಸ್ ಕೆಟ್ಟಾಗ ತೆಗೆಯುತ್ತಾರೆ, ಅದು ಸರಿ. ಇಲ್ಲಿ ಜಠರಕ್ಕೆ ಯಾವ ರೋಗವೂ ಇಲ್ಲ. ದೇವರು ಕೊಟ್ಟ ಆರೋಗ್ಯವಂತ ಅಂಗವನ್ನು ಕತ್ತರಿಸಲು ನಮಗೆ ಅಧಿಕಾರ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಧರ್ಮಸಭೆಯ ನೀತಿಶಾಸ್ತ್ರ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದೆ. ಅಂಗವಿರುವುದು ಇಡೀ ದೇಹಕ್ಕಾಗಿ. ಇಡೀ ದೇಹದ ಒಳಿತಿಗೆ ಬೇರೆ ದಾರಿಯಿಲ್ಲದಾಗ ಅಂಗವನ್ನು ತ್ಯಾಗ ಮಾಡಬಹುದು ಎಂಬುದು ಅಕ್ವಿನಾಸರ ವಿಚಾರ. 1952ರಲ್ಲಿ ವೈದ್ಯವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದ ಪೋಪ್ ಹನ್ನೆರಡನೆಯ ಪಯಸ್ ಅವರು ಇದೇ ತತ್ತ್ವವನ್ನು ವಿವರಿಸಿದರು. ಆದರೆ ಈ ಅನುಮತಿಗೆ ಒಂದು ಷರತ್ತಿದೆ. ಇಡೀ ದೇಹದ ಒಳಿತು ನಿಜವಾಗಿಯೂ ಅಪಾಯದಲ್ಲಿರಬೇಕು. ಕನ್ನಡಿಯ ಮುಂದಿನ ಅಸಮಾಧಾನ ಸಾಲದು.

ಆ ಒಳಿತಿಗೆ ಪುರಾವೆಯಿದೆಯೇ? ಇದೆ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ತೀವ್ರ ಬೊಜ್ಜಿನ 4,000ಕ್ಕೂ ಹೆಚ್ಚು ಜನರನ್ನು ದಶಕಗಳ ಕಾಲ ಗಮನಿಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶಸ್ತ್ರಚಿಕಿತ್ಸೆಗೆ ಒಳಗಾದವರ ಜೀವಿತಾವಧಿ ಸಾಮಾನ್ಯ ಚಿಕಿತ್ಸೆ ಪಡೆದ ಸ್ಥೂಲಕಾಯದವರಿಗಿಂತ ಸುಮಾರು 3 ವರ್ಷ ಹೆಚ್ಚಾಗಿತ್ತು. ಆದರೂ ಅದು ಉಳಿದ ಜನಸಾಮಾನ್ಯರ ಆಯುಸ್ಸಿಗಿಂತ 5.5 ವರ್ಷ ಕಡಿಮೆಯೇ ಆಗಿತ್ತು. ಈ ಎರಡೂ ಸಂಖ್ಯೆಗಳನ್ನು ನಾವು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು ಇದು ವ್ಯರ್ಥ ಆಡಂಬರವೆನ್ನುವವರಿಗೆ ಉತ್ತರ. ಎರಡನೆಯದು ಇದನ್ನು ಪವಾಡವೆನ್ನುವವರಿಗೆ ಉತ್ತರ.

ಅಪಾಯವೂ ಇದೆ. ಅಮೆರಿಕದಲ್ಲಿ 4,776 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಸಾವಿರಕ್ಕೆ ಮೂವರು ತೀರಿಕೊಂಡರು. ಇದು ಸಣ್ಣ ಸಂಖ್ಯೆಯೇ. ಆದರೆ ಆ ಮೂವರೂ ಯಾರದೋ ಮನೆಯವರು. ಆದುದರಿಂದ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುವುದು ಪಾಪವಲ್ಲ, ಮಾಡಿಸಿಕೊಳ್ಳದಿರುವುದೂ ಪಾಪವಲ್ಲ. ಜೀವವನ್ನು ಕಾಪಾಡಿಕೊಳ್ಳಲು ಸಾಮಾನ್ಯ ಉಪಾಯಗಳನ್ನು ಕೈಗೊಳ್ಳುವ ಕರ್ತವ್ಯ ನಮಗಿದೆ, ಅಸಾಮಾನ್ಯವಾದ ಭಾರವನ್ನು ಹೊರುವ ಕಡ್ಡಾಯವಿಲ್ಲ ಎಂದು ಇದೇ ಪೋಪರು 1957ರಲ್ಲಿ ಸ್ಪಷ್ಟಪಡಿಸಿದ್ದರು. ಇಲ್ಲಿ ಮನುಷ್ಯ ಸ್ವತಂತ್ರ. ಸ್ವತಂತ್ರನಾದುದರಿಂದಲೇ ಅವನು ವಿವೇಕಿಯಾಗಿರಬೇಕು.

ಬಗೆಗಳು ಮತ್ತು ಅವುಗಳ ಬೆಲೆ

ಈಗ ಬಗೆಗಳ ವಿಚಾರಕ್ಕೆ ಬರೋಣ. ಇಂದು ಪ್ರಮುಖವಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ.

ಮೊದಲನೆಯದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಸುಮಾರು ನಾಲ್ಕರಲ್ಲಿ ಮೂರು ಭಾಗವನ್ನು ಉದ್ದಕ್ಕೆ ಕತ್ತರಿಸಿ ಹೊರತೆಗೆದು ಬಾಳೆಹಣ್ಣಿನಷ್ಟು ದಪ್ಪದ ನಾಳವನ್ನು ಉಳಿಸುತ್ತಾರೆ. ಕರುಳನ್ನು ಮುಟ್ಟುವುದಿಲ್ಲ. ಹಸಿವಿನ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೇ ಹೊರಟುಹೋಗುವುದರಿಂದ ಹಸಿವೂ ತಗ್ಗುತ್ತದೆ. ತೆಗೆದ ಭಾಗವನ್ನು ಮರಳಿ ಜೋಡಿಸಲಾಗದು. ಭಾರತದಲ್ಲಿ ಅತಿ ಹೆಚ್ಚಾಗಿ ನಡೆಯುವುದು ಇದೇ.

ಎರಡನೆಯದು ಗ್ಯಾಸ್ಟ್ರಿಕ್ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನು ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಅನ್ನ ಆ ದಾರಿಯಲ್ಲಿ ಹೋಗುವುದಿಲ್ಲ. ಒಂದೇ ಜೋಡಣೆಯಿರುವ ಕಿರು ಬೈಪಾಸ್ ಎಂಬ ರೂಪವೂ ನಮ್ಮ ದೇಶದಲ್ಲಿ ಪ್ರಚಲಿತವಾಗಿದೆ.

ಇವುಗಳಲ್ಲಿ ಯಾವುದು ಮೇಲು? ಫಿನ್ಲೆಂಡಿನ ವೈದ್ಯರು 240 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿ 10 ವರ್ಷ ಗಮನಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೈಪಾಸ್ ಆದವರು ತಮ್ಮ ಹೆಚ್ಚುವರಿ ತೂಕದಲ್ಲಿ ಶೇ. 51ರಷ್ಟನ್ನೂ ಸ್ಲೀವ್ ಆದವರು ಶೇ. 44ರಷ್ಟನ್ನೂ ಕಳೆದುಕೊಂಡಿದ್ದರು. ಅಂತರ ಇದೆ, ಆದರೆ ಅಗಾಧವಾದುದಲ್ಲ. ಅನ್ನನಾಳದ ಉರಿಯೂತವನ್ನು ನೋಡಿದರೆ ಚಿತ್ರ ಬೇರೆ. ಸ್ಲೀವ್ ಆದವರಲ್ಲಿ ಶೇ. 31ರಷ್ಟು ಜನರಿಗೆ ಅದು ಇತ್ತು, ಬೈಪಾಸ್ ಆದವರಲ್ಲಿ ಶೇ. 7ರಷ್ಟು ಜನರಿಗೆ ಮಾತ್ರ. ಇನ್ನೊಂದು ಕಡೆ, ಬೈಪಾಸ್ ಆದವರಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಬಿ12 ವಿಟಮಿನ್‌ಗಳ ಕೊರತೆಯ ಅಪಾಯ ಹೆಚ್ಚು. ನೋವುನಿವಾರಕ ಮಾತ್ರೆಗಳಿಂದಲೂ ಬೀಡಿ ಸಿಗರೇಟಿನಿಂದಲೂ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಸಿಹಿ ತಿಂದ ಕೂಡಲೇ ಬೆವರು, ಎದೆಬಡಿತ, ತಲೆಸುತ್ತು ಕಾಣಿಸಿಕೊಳ್ಳಬಹುದು.

ಇಲ್ಲಿ ಇತಿಹಾಸವೂ ನಮಗೆ ವಿನಯವನ್ನು ಕಲಿಸುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಆರಂಭವಾದ, ಸಣ್ಣ ಕರುಳಿನ ಬಹುಭಾಗವನ್ನು ಬದಿಗೊತ್ತುವ ಶಸ್ತ್ರಚಿಕಿತ್ಸೆ ತೂಕವನ್ನು ಚೆನ್ನಾಗಿಯೇ ಇಳಿಸುತ್ತಿತ್ತು. ಆದರೆ ಅನೇಕರ ಯಕೃತ್ತು, ಮೂತ್ರಪಿಂಡಗಳು ಹಾಳಾದುದರಿಂದ ಅದನ್ನು ಕೈಬಿಡಬೇಕಾಯಿತು. ಜಠರದ ಸುತ್ತ ಪಟ್ಟಿ ಬಿಗಿಯುವ ವಿಧಾನಕ್ಕೆ 2001ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಕತ್ತರಿಯಿಲ್ಲ, ಬೇಡವಾದರೆ ತೆಗೆಯಬಹುದು ಎಂಬ ಕಾರಣಕ್ಕೆ ಅದು ಬಹು ಜನಪ್ರಿಯವಾಯಿತು. ಕಾಲಕ್ರಮದಲ್ಲಿ ಎಷ್ಟೋ ಜನರು ಅದನ್ನು ತೆಗೆಸಲು ಮತ್ತೆ ಶಸ್ತ್ರಚಿಕಿತ್ಸೆಗೆ ಬರಬೇಕಾಯಿತು. ಇಂದು ಅದು ಅಪರೂಪ. ಅತಿ ಹೆಚ್ಚು ತೂಕ ಇಳಿಸುವುದೇ ಅತ್ಯುತ್ತಮವೆಂಬುದನ್ನು ಮೊದಲ ಉದಾಹರಣೆ ಸುಳ್ಳಾಗಿಸಿತು. ಅತಿ ಸುಲಭವಾದುದೇ ಅತ್ಯುತ್ತಮವೆಂಬುದನ್ನು ಎರಡನೆಯದು ಸುಳ್ಳಾಗಿಸಿತು.

ಮೂವರು, ಮೂರು ಉತ್ತರ

ಹಾಗಾದರೆ "ಸರಿ" ಎಂಬುದನ್ನು ಹೇಗೆ ನಿರ್ಧರಿಸುವುದು? ಮೂವರನ್ನು ಊಹಿಸಿಕೊಳ್ಳಿ.

ಮೈಸೂರಿನಲ್ಲಿ ಒಬ್ಬ ಶಾಲಾ ಶಿಕ್ಷಕಿ. ವಯಸ್ಸು 44, ತೂಕ 96 ಕಿಲೋ, ಎತ್ತರ ಐದಡಿ ಒಂದು ಅಂಗುಲ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯನ್ನು ವೈದ್ಯರು ಬಿ.ಎಂ.ಐ. ಎನ್ನುತ್ತಾರೆ. ಇವರದು 40. ಹಲವು ವರ್ಷಗಳಿಂದ ಮಧುಮೇಹ. ರಾತ್ರಿ ಮಲಗಿದರೆ ಹುಳಿತೇಗು, ಎದೆಯುರಿ. ಇವರಿಗೆ ಸ್ಲೀವ್ ಮಾಡಿದರೆ ಎದೆಯುರಿ ಇನ್ನಷ್ಟು ಕೆರಳಬಹುದು. ಆದುದರಿಂದ ವೈದ್ಯರು ಬೈಪಾಸ್ ಕಡೆಗೆ ಒಲಿಯುವ ಸಂಭವ ಹೆಚ್ಚು. ಮಧುಮೇಹವೂ ಹತೋಟಿಗೆ ಬರಬಹುದು. ಆದರೆ ಮಿತಿ ಇಲ್ಲಿಯೂ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ಮಧುಮೇಹಿಗಳ ಮೇಲೆ ನಡೆದ ಅಧ್ಯಯನದ ಐದು ವರ್ಷಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ರಕ್ತಪರೀಕ್ಷೆಯ ಗುರಿಯನ್ನು ಬೈಪಾಸ್ ಆದವರಲ್ಲಿ ಶೇ. 29, ಸ್ಲೀವ್ ಆದವರಲ್ಲಿ ಶೇ. 23, ಔಷಧ ಮಾತ್ರ ಪಡೆದವರಲ್ಲಿ ಶೇ. 5 ಮಂದಿ ತಲುಪಿದ್ದರು. ಇದು ದೊಡ್ಡ ಲಾಭ. ಹಾಗಿದ್ದರೂ ಬಹುಪಾಲು ಜನರು ಆ ಗುರಿಯನ್ನು ಮುಟ್ಟಲಿಲ್ಲ ಎಂಬುದನ್ನು ಅವರಿಗೆ ಮೊದಲೇ ಹೇಳಬೇಕು.

ಮೂಡಿಗೆರೆಯ ಕಡೆ ಕಾಫಿ ತೋಟದಲ್ಲಿ ಒಬ್ಬ ರೈಟರ್. ಅವರ ಬಿ.ಎಂ.ಐ. ಕೂಡ 40. ಮಧುಮೇಹವಿಲ್ಲ, ಎದೆಯುರಿಯಿಲ್ಲ. ಸಂಧಿವಾತದಿಂದಾಗಿ ನೋವಿನ ಮಾತ್ರೆ ಇಲ್ಲದೆ ದಿನ ಸಾಗದು. ರಕ್ತಹೀನತೆಯಿದೆ. ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಸಂಬಳವೂ ಬಸ್ಸಿನ ಖರ್ಚೂ ಹೋಗುತ್ತದೆ. ಇವರ ವಿಷಯದಲ್ಲಿ ಬೈಪಾಸ್‌ನ ಹುಣ್ಣಿನ ಅಪಾಯವನ್ನೂ ಪೌಷ್ಟಿಕಾಂಶಗಳ ಕೊರತೆಯನ್ನೂ ತೂಗಿ ನೋಡಿ ವೈದ್ಯರು ಸ್ಲೀವ್ ಸೂಕ್ತವೆನ್ನಬಹುದು. ಬಿ.ಎಂ.ಐ. ಒಂದೇ, ಉತ್ತರ ಬೇರೆ.

ಇನ್ನು ಮೂರನೆಯವಳು ಬೆಂಗಳೂರಿನಲ್ಲಿ ಕೆಲಸ ಮಾಡುವ 23ರ ಯುವತಿ. ಬಿ.ಎಂ.ಐ. 26. ಯಾವ ಕಾಯಿಲೆಯೂ ಇಲ್ಲ. ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಸ್ವಲ್ಪ ದಪ್ಪ" ಎಂದಿದ್ದಾರೆ. ಮನೆಯವರು ಯಾವ ಆಪರೇಷನ್ ಬೇಗ ಫಲ ಕೊಡುತ್ತದೆ ಎಂದು ವಿಚಾರಿಸುತ್ತಿದ್ದಾರೆ. ಇವಳಿಗೆ ಸರಿಯಾದ ಶಸ್ತ್ರಚಿಕಿತ್ಸೆ ಯಾವುದೂ ಅಲ್ಲ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೊಜ್ಜಿನ ರೋಗಕ್ಕೆ ಚಿಕಿತ್ಸೆಯೇ ಅಲ್ಲ, ಅದು ರೂಪಕ್ಕಾಗಿ ಮಾಡುವುದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಯುವ ನಟಿಯೊಬ್ಬರು ತೀರಿಕೊಂಡ ಸುದ್ದಿ ನಮ್ಮ ನೆನಪಿನಲ್ಲಿರಬಹುದು. ಮಗಳ ದೇಹವನ್ನು ಇತರರ ಮಾತಿಗೆ ತಕ್ಕಂತೆ ಕೊಯ್ಯಿಸಲು ಹೊರಡುವ ಪ್ರೀತಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕಾಗುತ್ತದೆ. ಅವಳಿಗೆ ಬೇಕಾದುದು ಆ ಸಂಬಂಧವನ್ನು ನಿರಾಕರಿಸುವ ಧೈರ್ಯವುಳ್ಳ ತಂದೆತಾಯಿ.

ಯಾರಿಗೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂಬ ಮಿತಿ ಕಾಲದೊಂದಿಗೆ ಬದಲಾಗಿದೆ. 1991ರಲ್ಲಿ ಅಮೆರಿಕದಲ್ಲಿ ರೂಪಿಸಿದ ಮಾರ್ಗಸೂಚಿಯಲ್ಲಿ ಬಿ.ಎಂ.ಐ. 40, ಗಂಭೀರ ಕಾಯಿಲೆಗಳಿದ್ದರೆ 35 ಎಂದಿತ್ತು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಆರೋಗ್ಯ ವಿಮೆಯ ನಿಯಮಗಳಲ್ಲಿಯೂ ಹೆಚ್ಚುಕಡಿಮೆ ಇದೇ ಅಳತೆಯಿದೆ. 2022ರಲ್ಲಿ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಗಳು ಈ ಮಿತಿಯನ್ನು 35ಕ್ಕೂ, ಮಧುಮೇಹದಂಥ ಕಾಯಿಲೆಗಳಿದ್ದರೆ 30ಕ್ಕೂ ಇಳಿಸಿದವು. ಕಡಿಮೆ ತೂಕದಲ್ಲಿಯೇ ಕಾಯಿಲೆಗೆ ತುತ್ತಾಗುವ ಏಷ್ಯಾದವರಿಗೆ ಇನ್ನೂ ಕಡಿಮೆ, 27.5 ಎಂದವು. ಅರ್ಹತೆ ಇದೆಯೆಂದರೆ ಅವಶ್ಯಕತೆ ಇದೆಯೆಂದಲ್ಲ. ಬಾಗಿಲು ತೆರೆದಿದೆಯೆಂದು ಎಲ್ಲರೂ ಒಳಹೋಗಬೇಕಿಲ್ಲ. ಈಗ ಔಷಧಗಳ ಬಾಗಿಲೂ ತೆರೆದಿದೆ. ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ತೂಕ ಇಳಿಸಲು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿವೆ. ಇವುಗಳನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಭಾಗ ಮರಳುವ ಸಾಧ್ಯತೆಯಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಇವುಗಳ ಬಗ್ಗೆಯೂ ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಗೋಪುರ ಕಟ್ಟುವವನ ಲೆಕ್ಕ

ವಾಚಕರೇ, ಶುಭಸಂದೇಶದಲ್ಲಿ ಗೋಪುರ ಕಟ್ಟಲು ಹೊರಟವನ ಸಾಮತಿ ನಮಗೆ ಗೊತ್ತಿದೆ. ಅಡಿಪಾಯ ಹಾಕುವ ಮೊದಲು ಅವನು ಕುಳಿತು, ಮುಗಿಸುವಷ್ಟು ತನ್ನಲ್ಲಿದೆಯೇ ಎಂದು ಲೆಕ್ಕ ಹಾಕಬೇಕು. ನಾನು ಈ ಲೇಖನದಲ್ಲಿ ಹೇಳಬಯಸುವ ಮುಖ್ಯ ಮಾತು ಇದೇ. ಶಸ್ತ್ರಚಿಕಿತ್ಸೆಯ ಬಗೆಯನ್ನು ಆರಿಸುವುದೆಂದರೆ ಅದರ ನಂತರದ ಬದುಕನ್ನು ಆರಿಸುವುದು. ಹೆಚ್ಚು ಕಿಲೋ ಇಳಿಸುವ ವಿಧಾನ ಸರಿಯಾದ ವಿಧಾನವಾಗಬೇಕಿಲ್ಲ. ಯಾವ ವಿಧಾನದ ಷರತ್ತುಗಳನ್ನು ನಾನು ಇಪ್ಪತ್ತು ವರ್ಷದ ನಂತರವೂ ಪಾಲಿಸಬಲ್ಲೆನೋ ಅದು ನನಗೆ ಸರಿ.

ಆ ಷರತ್ತುಗಳೇನು? ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಜೀವನಪರ್ಯಂತ ನುಂಗಬೇಕು. ಮೊದಲ ವರ್ಷ ಹಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಬೇಕು. ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಓಡಬೇಕು, ಏಕೆಂದರೆ ಬಿ1 ವಿಟಮಿನ್ ಬರಿದಾದರೆ ನರಮಂಡಲಕ್ಕೇ ಹಾನಿ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಬೇಳೆ, ಮೊಸರು. ಅನ್ನವೋ ಮುದ್ದೆಯೋ ಆಮೇಲೆ, ಹೊಟ್ಟೆಯಲ್ಲಿ ಜಾಗ ಉಳಿದಿದ್ದರೆ. ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ಒಳಿತೆಂದು ವೈದ್ಯರು ಸಲಹೆ ಕೊಡುತ್ತಾರೆ. ಇದನ್ನು ದಂಪತಿಗಳು ಮೊದಲೇ ಕುಳಿತು ಮಾತನಾಡಿಕೊಳ್ಳಬೇಕು.

ಇನ್ನೊಂದು ವಿಷಯವನ್ನು ನಾವು ಮುಚ್ಚಿಡಬಾರದು. ಬೈಪಾಸ್ ನಂತರ ಮದ್ಯ ರಕ್ತಕ್ಕೆ ಬೇಗನೆ ಏರುತ್ತದೆ. ಎರಡನೆಯ ವರ್ಷದ ಹೊತ್ತಿಗೆ ಕುಡಿತದ ಸಮಸ್ಯೆ ಹೆಚ್ಚುವುದನ್ನು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಹಬ್ಬ ಮದುವೆಗಳಲ್ಲಿ ಗ್ಲಾಸು ಕೈಗೆ ಬರುವ ನಮ್ಮ ಅನೇಕ ಮನೆಗಳಿಗೆ ಇದು ಎಚ್ಚರಿಕೆಯ ಮಾತು. ಕುಡಿತದ ಇತಿಹಾಸವಿದ್ದವರು ಅದನ್ನು ವೈದ್ಯರಿಂದ ಬಚ್ಚಿಡುವುದು ತಮ್ಮ ಜೀವವನ್ನೇ ಪಣಕ್ಕಿಟ್ಟಂತೆ. ಮನಸ್ಸಿನ ವಿಷಯವೂ ಹೀಗೆಯೇ. ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಸ್ವಯಂಹಾನಿಯ ಪ್ರಕರಣಗಳು ಮೊದಲಿಗಿಂತ ಹೆಚ್ಚಿದುದನ್ನು ಕೆನಡಾದ ಅಧ್ಯಯನವೊಂದು 2015ರಲ್ಲಿ ದಾಖಲಿಸಿತು. ತೂಕ ಇಳಿದರೆ ದುಃಖವೂ ಇಳಿಯುತ್ತದೆಂದು ನಂಬಿದವರಿಗೆ ದುಃಖ ಹಾಗೆಯೇ ಉಳಿದಾಗ ಆಗುವ ಆಘಾತ ಸಣ್ಣದಲ್ಲ.

ಆದುದರಿಂದ ನಿರ್ಧರಿಸುವ ಮುನ್ನ ಶಸ್ತ್ರಚಿಕಿತ್ಸಕರ ಮುಂದೆ ಸಂಕೋಚವಿಲ್ಲದೆ ಕೆಲವು ಪ್ರಶ್ನೆಗಳನ್ನಿಡಿ. ನೀವು ಎರಡೂ ವಿಧಾನಗಳನ್ನು ಮಾಡುತ್ತೀರಾ, ಅಥವಾ ಒಂದನ್ನು ಮಾತ್ರವೇ? ನನಗೆ ಇದನ್ನೇ ಏಕೆ ಸೂಚಿಸುತ್ತಿದ್ದೀರಿ? ನನ್ನ ಎದೆಯುರಿಗೆ ಎಂಡೋಸ್ಕೋಪಿ ಮಾಡಿ ನೋಡುವಿರಾ? ತೊಂದರೆಯಾದರೆ ಮುಂದಿನ ದಾರಿ ಏನು? ಐದು ವರ್ಷದ ನಂತರ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಮಾತ್ರೆ, ಪರೀಕ್ಷೆಗಳಿಗೆ ವರ್ಷಕ್ಕೆ ಎಷ್ಟು ಖರ್ಚು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಒಂದೇ ಭೇಟಿಯಲ್ಲಿ ದಿನಾಂಕ ಗೊತ್ತುಮಾಡಿ ಮುಂಗಡ ಕೇಳುವ ಕಡೆಯಿಂದ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಅವಿಶ್ವಾಸವಲ್ಲ, ವಿವೇಕ. ಸಮಾಲೋಚಿಸುವುದು, ತೀರ್ಮಾನಿಸುವುದು, ತೀರ್ಮಾನಿಸಿದುದನ್ನು ನಡೆಸುವುದು ಇವು ಮೂರೂ ವಿವೇಕದ ಕೆಲಸಗಳೆಂದು ಅಕ್ವಿನಾಸರು ವಿಂಗಡಿಸಿದ್ದರು. ನಮ್ಮಲ್ಲಿ ಅನೇಕರು ಮೊದಲನೆಯದನ್ನು ಹಾರಿಬಿಡುತ್ತೇವೆ. ಇನ್ನು ಕೆಲವರು ಸಮಾಲೋಚನೆಯಲ್ಲಿಯೇ ವರ್ಷಗಳನ್ನು ಕಳೆಯುತ್ತೇವೆ, ಅಷ್ಟರಲ್ಲಿ ಕಾಯಿಲೆ ಕಣ್ಣಿಗೂ ಮೂತ್ರಪಿಂಡಕ್ಕೂ ಇಳಿದಿರುತ್ತದೆ. ಎರಡೂ ವಿವೇಕವಲ್ಲ.

ಉಳಿದವರ ಪಾಲು

ಕೊನೆಯದಾಗಿ, ಶಸ್ತ್ರಚಿಕಿತ್ಸೆ ನಡೆಯುವುದು ಒಬ್ಬರ ದೇಹದ ಮೇಲೆ. ಅದರ ಷರತ್ತುಗಳನ್ನು ಪಾಲಿಸಬೇಕಾದುದು ಮಾತ್ರ ಇಡೀ ಮನೆ. ಮನೆಯಲ್ಲಿ ಅಡುಗೆ ಮಾಡುವವರು ಬದಲಾಗದೆ ಒಬ್ಬರ ತಟ್ಟೆ ಮಾತ್ರ ಬದಲಾಗದು. ತೋಟದ ರೈಟರ್ ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗಬೇಕಾದರೆ ಆ ದಿನ ಅವರ ಕೆಲಸವನ್ನು ಯಾರೋ ನೋಡಿಕೊಳ್ಳಬೇಕು. ಇದಕ್ಕಾಗಿ ತೀರ್ಮಾನ ಮಾಡುವ ಹಕ್ಕು ರೋಗಿಯದು, ಆದರೆ ತೀರ್ಮಾನಕ್ಕೆ ಮುನ್ನ ಮಾತುಕತೆ ಮನೆಯವರೆಲ್ಲರದು. ಒತ್ತಾಯದಿಂದ ಒಪ್ಪಿಸುವುದೂ ತಪ್ಪು, ಹೆದರಿಸಿ ತಡೆಯುವುದೂ ತಪ್ಪು.

ಧರ್ಮಕೇಂದ್ರದ ನಮಗೂ ಒಂದು ಪಾಲಿದೆ. ನಮ್ಮ ಆತಿಥ್ಯ ಬಡಿಸುವುದರಲ್ಲಿದೆ. ಪಾಲಕ ಸಂತರ ಹಬ್ಬದ ಊಟದಲ್ಲಿ, ಮದುವೆಯ ಪಂಕ್ತಿಯಲ್ಲಿ, ಕ್ರಿಸ್ಮಸ್ ದಿನದ ತಿಂಡಿಯ ತಟ್ಟೆಯ ಮುಂದೆ "ಇಷ್ಟೇನಾ? ಇನ್ನೊಂದು ತುತ್ತು" ಎನ್ನದಿದ್ದರೆ ನಮಗೆ ಸಮಾಧಾನವಿಲ್ಲ. ಪುಟ್ಟ ಬಟ್ಟಲಿನಷ್ಟು ಉಂಡು ಎದ್ದವರಿಗೆ ಆ ಒಂದು ತುತ್ತು ನೋವಾಗಬಹುದು, ವಾಂತಿಯಾಗಬಹುದು. ಅವರನ್ನು ಒತ್ತಾಯಿಸದೆ ಪಕ್ಕದಲ್ಲಿ ಕುಳಿತು ಮಾತನಾಡುವುದೂ ಆತಿಥ್ಯವೇ. ತೂಕ ಇಳಿದವರನ್ನು ಕಂಡಾಗ "ಎಷ್ಟು ಚೆನ್ನಾಗಿ ಕಾಣುತ್ತೀರಿ" ಎನ್ನುವುದಕ್ಕಿಂತ "ಹೇಗಿದ್ದೀರಿ" ಎಂದು ಕೇಳಿ ಉತ್ತರಕ್ಕೆ ಕಾಯುವುದು ಮೇಲು. ಕೆಲವು ವರ್ಷಗಳ ನಂತರ ಸ್ವಲ್ಪ ತೂಕ ಮರಳಿದಾಗ, ಅನೇಕರಿಗೆ ಅದು ಮರಳುತ್ತದೆ, "ಅಷ್ಟು ಖರ್ಚು ಮಾಡಿದ್ದು ವ್ಯರ್ಥವಾಯಿತು" ಎಂಬ ಮಾತು ನಮ್ಮ ಬಾಯಿಂದ ಬರಬಾರದು. ಆ ಮಾತಿಗೆ ಹೆದರಿಯೇ ಅವರು ವೈದ್ಯರ ಬಳಿಗೂ ಹೋಗದೆ, ಪೂಜೆಗೂ ಬರದೆ ಮನೆಯೊಳಗೆ ಉಳಿದುಬಿಡುತ್ತಾರೆ.

ಈ ಪ್ರಶ್ನೆ ನಿಮ್ಮ ಮನೆಗೆ ಬಂದಿದ್ದರೆ, ಕುಟುಂಬವಾಗಿ ಒಂದು ಸಂಜೆ ಕುಳಿತುಕೊಳ್ಳಿ. ವೈದ್ಯರು ಕೊಟ್ಟ ಕಾಗದಗಳನ್ನು ಮುಂದಿಟ್ಟುಕೊಳ್ಳಿ. ಯಾವ ವಿಧಾನ ಎಷ್ಟು ಕಿಲೋ ಇಳಿಸುತ್ತದೆ ಎಂಬ ಪ್ರಶ್ನೆಯನ್ನು ಕೊನೆಗೆ ಕೇಳಿ. ಮೊದಲು ಕೇಳಬೇಕಾದುದು, ಆಪರೇಷನ್ ಆದ ಮೇಲಿನ ಮಾತ್ರೆ, ಪರೀಕ್ಷೆ, ಪಥ್ಯಗಳಲ್ಲಿ ಯಾರು ಯಾವುದನ್ನು ಎಷ್ಟು ವರ್ಷ ನೋಡಿಕೊಳ್ಳುತ್ತೀರಿ ಎಂಬುದು. ಅದಕ್ಕೆ ನಿಮ್ಮಲ್ಲಿ ಪ್ರಾಮಾಣಿಕವಾದ ಉತ್ತರವಿದ್ದರೆ ವೈದ್ಯರ ಬಳಿಗೆ ಹೋಗಿ. ಇಲ್ಲದಿದ್ದರೆ ಇನ್ನೊಂದು ಸಂಜೆ ಕುಳಿತುಕೊಳ್ಳಿ. ಮುಂದಿನ ಭಾನುವಾರ ಪ್ರಾರ್ಥನಾ ಕೋರಿಕೆಗಳಲ್ಲಿ ಆ ಹೆಸರನ್ನು ಸೇರಿಸಲು, ರೋಗಿ ಒಪ್ಪಿದರೆ, ಗುರುಗಳನ್ನು ಕೇಳಿಕೊಳ್ಳಿ.